ಹೊಸಬರಿಗೆ ‘ಸಬ್‌ಸ್ಟನ್ಸ್’ ತಕ್ಕ ಪ್ರವೇಶವೇ?

ಕಪ್ಪು ನೆಲದ ಮೇಲೆ ಬೆಟ್ಟಸಾಲಿನಂತೆ ಏರಿಳಿಯುವ ಬಿಳಿಯ ಗೆರೆಗಳ ಚಿತ್ರವುಳ್ಳ ಟೀ ಷರ್ಟನ್ನು ವಾಚಕರಲ್ಲಿ ಹಲವರು ಬೀದಿಯಂಗಡಿಗಳಲ್ಲಿ ನೋಡಿರಬೇಕು. ಅದು ಜಾಯ್ ಡಿವಿಷನ್ ಎಂಬ ಇಂಗ್ಲಿಷ್ ವಾದ್ಯವೃಂದವು 1979ರಲ್ಲಿ ಹೊರತಂದ ‘ಅನ್‌ನೋನ್ ಪ್ಲೆಷರ್ಸ್’ ಎಂಬ ಧ್ವನಿಮುದ್ರಿಕೆಯ ಮುಖಚಿತ್ರ. ಅಂಗಿಯನ್ನು ಬಲ್ಲವರು ಅನೇಕರು, ಹಾಡನ್ನು ಬಲ್ಲವರು ವಿರಳ. ಒಮ್ಮೆ ಕೇಳಿ ನೋಡೋಣವೆಂದು ಬಯಸುವ ಹೊಸಬನು ಎಲ್ಲಿಂದ ತೊಡಗಬೇಕು? 1988ರಲ್ಲಿ ಪ್ರಕಟವಾದ ‘ಸಬ್‌ಸ್ಟನ್ಸ್’ ಎಂಬ ಸಂಕಲನದಿಂದ ತೊಡಗಬೇಕೆಂದು ಹಲವರು ಹೇಳುವುದುಂಟು. ನಮ್ಮ ಅಭಿಪ್ರಾಯವೂ ಅದೇ. ಆದರೆ ಎರಡು ಆಕ್ಷೇಪಗಳನ್ನು ಸೇರಿಸದೆ ಹಾಗೆ ಹೇಳಲಾರೆವು.

ಹಗಲೆಲ್ಲ ಲೆಕ್ಕದ ಪುಸ್ತಕದ ಮುಂದೆಯೋ ಗಲ್ಲಾಪೆಟ್ಟಿಗೆಯ ಮುಂದೆಯೋ ಕಳೆದು, ವಾರಕ್ಕೊಂದು ರಜೆ ಪಡೆಯುವವನಿಗೆ ಇದು ಸಣ್ಣ ಪ್ರಶ್ನೆಯಲ್ಲ. ಮೊದಲ ಅರ್ಧ ಗಂಟೆಯಲ್ಲಿ ಹಿಡಿಸದಿದ್ದರೆ ಅವನು ಮತ್ತೆ ಅದರ ಗೊಡವೆಗೆ ಹೋಗನು. ಹಾಗೆ ಕೈಬಿಟ್ಟರೆ ನಷ್ಟ ಅವನದೇ. ಏಕೆಂದರೆ ಇದು ಅವನಂಥವರೇ ಕಟ್ಟಿದ ಸಂಗೀತ. ಗಾಯಕ ಇಯಾನ್ ಕರ್ಟಿಸ್ ಅವರು ಮ್ಯಾಕಲ್ಸ್‌ಫೀಲ್ಡ್ ಪಟ್ಟಣದ ಉದ್ಯೋಗ ವಿನಿಮಯ ಕಚೇರಿಯಲ್ಲಿ ಗುಮಾಸ್ತರಾಗಿದ್ದು, ಅಂಗವಿಕಲರಿಗೆ ಕೆಲಸ ಹುಡುಕಿಕೊಡುವುದರಲ್ಲಿ ನೆರವಾಗುತ್ತಿದ್ದರು. ಅಲ್ಲಿಗೆ ಬರುತ್ತಿದ್ದ ಮೂರ್ಛೆರೋಗದ ತರುಣಿಯೊಬ್ಬಳು ತೀರಿಕೊಂಡಳೆಂಬ ಸುದ್ದಿಯೇ ‘ಷೀಸ್ ಲಾಸ್ಟ್ ಕಂಟ್ರೋಲ್’ ಎಂಬ ಹಾಡಿಗೆ ಮೂಲವೆಂದು ಸಂಗಡಿಗರು ಹೇಳಿದ್ದಾರೆ. ಅದೇ ರೋಗ ತಮಗೂ ಇದೆಯೆಂದು ಕರ್ಟಿಸ್ ಅವರಿಗೆ 1979ರಲ್ಲಿ ತಿಳಿಯಿತು. 1980ರ ಮೇ 18ರಂದು, 23ನೆಯ ವಯಸ್ಸಿನಲ್ಲಿ, ಅವರು ಆತ್ಮಹತ್ಯೆ ಮಾಡಿಕೊಂಡರು. ಉಳಿದ ಮೂವರು ನ್ಯೂ ಆರ್ಡರ್ ಎಂಬ ಹೊಸ ಹೆಸರಿನಲ್ಲಿ ಮುಂದುವರಿದರು.

ಪಂಕ್ ಎಂಬ ಒರಟು, ರಭಸದ ಸಂಗೀತದ ಕಾವಿನಲ್ಲಿ ಹುಟ್ಟಿ, ಬಲುಬೇಗ ಅದರ ಅಬ್ಬರವನ್ನು ತೊರೆದು ಮೌನಕ್ಕೂ ಅಂಜಿಕೆಗೂ ಎಡೆಗೊಟ್ಟ ವೃಂದಗಳ ಸಂಗೀತಕ್ಕೆ ಪೋಸ್ಟ್-ಪಂಕ್ ಎಂದು ಹೆಸರು. ಆ ಸ್ಥಿತ್ಯಂತರವನ್ನು ‘ಸಬ್‌ಸ್ಟನ್ಸ್’ನಷ್ಟು ಸ್ಪಷ್ಟವಾಗಿ ತೋರುವ ಧ್ವನಿಮುದ್ರಿಕೆ ಈ ವೃಂದದ್ದು ಬೇರೊಂದಿಲ್ಲ. 1978ರ ‘ವಾರ್ಸಾ’ದಲ್ಲಿ ಕಿರಿಚುವ ಗಾಯಕನೇ ‘ಅಟ್ಮಾಸ್ಫಿಯರ್’ನಲ್ಲಿ ಶವಯಾತ್ರೆಯ ಹಿಂದೆ ನಡೆಯುವವನಂತೆ ತಗ್ಗಿದ ದನಿಯಲ್ಲಿ ಹಾಡುತ್ತಾನೆ. ನಡುವೆ ಕಳೆದಿರುವುದು ಎರಡು ವರ್ಷಕ್ಕೂ ಕಡಮೆ. ಪೀಟರ್ ಹುಕ್ ಅವರ ಬೇಸ್ ಗಿಟಾರು ತಾಳಕ್ಕೆ ಒತ್ತಾಸೆಯಾಗಿ ನಿಲ್ಲದೆ ರಾಗವನ್ನೇ ಹೊತ್ತು ಮೇಲೇರುವುದನ್ನೂ, ನಿರ್ಮಾಪಕ ಮಾರ್ಟಿನ್ ಹ್ಯಾನೆಟ್ ಅವರು ವಾದ್ಯಗಳ ನಡುವೆ ಬಯಲನ್ನು ಬಿಟ್ಟಿರುವುದನ್ನೂ ಸಂಗೀತಶಾಸ್ತ್ರವನ್ನು ಓದದವನೂ ಗುರುತಿಸಬಲ್ಲನು.

ಈ ಸಂಕಲನದ ಹಿರಿಯ ಗುಣ ಬೇರೊಂದಿದೆ. ಸಾಮಾನ್ಯವಾಗಿ ಇಂಥ ಸಂಕಲನಗಳು ಹಲವು ಧ್ವನಿಮುದ್ರಿಕೆಗಳಿಂದ ಒಂದೆರಡು ಹಾಡುಗಳನ್ನು ಕಿತ್ತು, ಹತ್ತು ಪಲ್ಯಗಳನ್ನು ಒಂದೊಂದು ಚಮಚೆ ಬಡಿಸಿದಂತೆ ಬಡಿಸುತ್ತವೆ. ನಾಲಿಗೆಗೆ ರುಚಿ ಸಿಕ್ಕೀತು, ಊಟವಾಗದು. 1995ರ ‘ಪರ್ಮನೆಂಟ್’ ಆ ಜಾತಿಯದು. ‘ಸಬ್‌ಸ್ಟನ್ಸ್’ ಹಾಗಲ್ಲ. ವೃಂದದ ಎರಡು ಪೂರ್ಣ ಧ್ವನಿಮುದ್ರಿಕೆಗಳಾದ ‘ಅನ್‌ನೋನ್ ಪ್ಲೆಷರ್ಸ್’ ಮತ್ತು ‘ಕ್ಲೋಸರ್’ಗಳಲ್ಲಿರುವ ಹಾಡುಗಳಲ್ಲಿ ಒಂದೇ ಒಂದು, ಮೇಲೆ ಹೇಳಿದ ‘ಷೀಸ್ ಲಾಸ್ಟ್ ಕಂಟ್ರೋಲ್’, ಇಲ್ಲಿದೆ. ಅದೂ ಬೇರೆ ಪಾಠ. ಉಳಿದವೆಲ್ಲ ಚದರಿಹೋಗಿದ್ದ ಹಾಡುಗಳು. ‘ಅಟ್ಮಾಸ್ಫಿಯರ್’ ಮತ್ತು ‘ಡೆಡ್ ಸೋಲ್ಸ್’ ಮೊದಲು ಬಂದದ್ದು 1980ರಲ್ಲಿ ಫ್ರಾನ್ಸಿನ ಸಣ್ಣ ಸಂಸ್ಥೆಯೊಂದರಿಂದ, ಕೇವಲ 1,578 ಪ್ರತಿಗಳಲ್ಲಿ. ಇವನ್ನು ಒಟ್ಟುಗೂಡಿಸಿದುದು ಬರಿಯ ವ್ಯಾಪಾರವಲ್ಲ, ಉಪಕಾರ. ಹೊಸಬನು ಇದನ್ನು ಕೇಳಿ ಮುಗಿಸಿದ ಮೇಲೂ ಆ ಎರಡು ಧ್ವನಿಮುದ್ರಿಕೆಗಳು ಅವನಿಗೆ ಹೊಸದಾಗಿಯೇ ಉಳಿದಿರುತ್ತವೆ.

ಇನ್ನು ಆಕ್ಷೇಪಗಳು. ಹಾಡುಗಳನ್ನು ಬಹುಮಟ್ಟಿಗೆ ಕಾಲಾನುಕ್ರಮದಲ್ಲಿ ಜೋಡಿಸಿದುದರಿಂದ ತೀರ ಎಳಸಾದ ‘ವಾರ್ಸಾ’ ಮತ್ತು ‘ಲೀಡರ್ಸ್ ಆಫ್ ಮೆನ್’ ಬಾಗಿಲಲ್ಲೇ ನಿಂತಿವೆ. ಚರಿತ್ರಕಾರನಿಗೆ ಅದು ಒಪ್ಪಿಗೆಯಾದೀತು, ಅತಿಥಿಗೆ ಆಗದು.

ಎರಡನೆಯದು ಇನ್ನೂ ಗಂಭೀರವಾದುದು. ‘ವಾರ್ಸಾ’ದ ಆರಂಭದಲ್ಲಿ ಕೂಗುವ ಅಂಕೆಗಳು ಹಿಟ್ಲರನ ಸಹಚರ ರುಡಾಲ್ಫ್ ಹೆಸ್ಸನ ಸೆರೆಯಾಳು ಸಂಖ್ಯೆ. ವೃಂದದ ಹೆಸರಾದರೋ, ನಾಜಿ ಶಿಬಿರಗಳಲ್ಲಿ ಸ್ತ್ರೀಯರನ್ನು ಬಲಾತ್ಕಾರಕ್ಕೆ ಒಳಪಡಿಸಿದ ವಿಭಾಗಕ್ಕೆ ಒಂದು ಕಾದಂಬರಿಯಲ್ಲಿ ಬರುವ ಹೆಸರು. ತಮಗೆ ನಾಜಿಗಳ ಮೇಲೆ ಒಲವಿಲ್ಲವೆಂದು ವೃಂದದವರು ಹೇಳಿದರು. ನಾವು ಅದನ್ನು ನಂಬುತ್ತೇವೆ. ಆದರೂ ಇಪ್ಪತ್ತರ ಹರೆಯದ ಹುಡುಗರು ಬೆಚ್ಚಿಬೀಳಿಸುವ ಚಪಲದಿಂದ ಇತರರ ನರಕವನ್ನು ಹೆಸರಾಗಿ ತೊಟ್ಟುಕೊಂಡುದು ತಪ್ಪೇ ಸರಿ. ಅಂಗಿ ತೊಡುವವನಿಗೂ ಇದು ತಿಳಿದಿರಲಿ. ಹಾಡು ಮಾತ್ರ ಕೇಳುವವನಿಗೆ ಸಂಕಲನವು ತಾನಾಗಿ ಇದನ್ನು ಹೇಳದು.

ಆದಕಾರಣ ಹೊಸಬನು ಐದನೆಯ ಹಾಡಾದ ‘ಟ್ರಾನ್ಸ್‌ಮಿಷನ್’ನಿಂದ ತೊಡಗಲಿ. ಅಲ್ಲಿಂದ ಹತ್ತನೆಯದಾದ ‘ಲವ್ ವಿಲ್ ಟೇರ್ ಅಸ್ ಅಪಾರ್ಟ್’ವರೆಗೆ ಒಂದೇ ಬೈಠಕ್ಕಿನಲ್ಲಿ ಕೇಳಲಿ. ಕರ್ಟಿಸ್ ಅವರ ಮರಣಾನಂತರ 1980ರಲ್ಲಿ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 13ನೆಯ ಸ್ಥಾನಕ್ಕೇರಿದ ಹಾಡು ಅದು. ಹಳೆಯ ಗ್ರಾಮಫೋನ್ ತಟ್ಟೆಯೂ ಅಲ್ಲಿಗೇ ಮುಗಿಯುತ್ತಿತ್ತು. ಸಿ.ಡಿ.ಯಲ್ಲಿ ಹಿಂದೆ ಸೇರಿಸಿದ ಏಳು ಹಾಡುಗಳು ಕೇಳುಗನನ್ನು ಮರಳಿ 1978ಕ್ಕೆ ಎಳೆಯುತ್ತವೆ. ಅವನ್ನು ಅಂದು ಮುಟ್ಟುವುದು ಬೇಡ. ಮುಂದಿನ ರಜೆಗೆ ‘ಕ್ಲೋಸರ್’ ಇದೆ.