ಮಹಡಿ ಏರಿಸುವ ಮುನ್ನ ಲೆಕ್ಕ: ಹೊಸೂರು–ಕೃಷ್ಣಗಿರಿ ಭಾಗದ ಮನೆ ಮಾಲೀಕರಿಗೆ



ಸಂಘದ ಸಭೆ ಮುಗಿದು ಕಾಫಿ ಕುಡಿಯುವ ಹೊತ್ತಿಗೆ ಈಚೆಗೆ ಹೆಚ್ಚಾಗಿ ಕೇಳಿಬರುವ ಮಾತು ಒಂದೇ. "ಹಳೇ ಮನೆ ರಿಪೇರಿ ಮಾಡಿಸಿ ಮೇಲೊಂದು ಮಹಡಿ ಹಾಕಿಸೋಣ ಅಂತಿದ್ದೀವಿ. ಬಾಡಿಗೆಗೆ ಬಿಟ್ಟರೆ ಸಾಲ ತಾನಾಗೇ ತೀರುತ್ತೆ. ಏರ್‌ಪೋರ್ಟ್ ಬಂದರೆ ಮಾರಿದರೂ ಲಾಭವೇ." ಹೊಸೂರು, ಮತ್ತಿಗಿರಿ, ಬಾಗಲೂರು, ಕೆಲಮಂಗಲ, ಶೂಲಗಿರಿ, ಕೃಷ್ಣಗಿರಿ, ಎಲ್ಲ ಕಡೆಯ ಸದಸ್ಯರೂ ಇದನ್ನೇ ಹೇಳುತ್ತಾರೆ. ಯೋಚನೆ ತಪ್ಪಲ್ಲ. ಆದರೆ ಇದರಲ್ಲಿ ಇಂದಿನ ಬಾಡಿಗೆ ಮತ್ತು ನಾಳಿನ ಆಸೆ ಎರಡೂ ಬೆರೆತಿವೆ. ಅವೆರಡನ್ನೂ ಬೇರೆ ಮಾಡಿ ನೋಡುವುದೇ ಈ ಬರಹದ ಉದ್ದೇಶ.

ಘೋಷಣೆ ಬೇರೆ, ಬಾಡಿಗೆ ಬೇರೆ

ನಮ್ಮ ಭಾಗ ಬೆಳೆಯುತ್ತಿರುವುದು ನಿಜ. ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟನ್ ಕಾಲದಿಂದಲೂ ಹೊಸೂರು ಕಾರ್ಖಾನೆಗಳ ಊರು. ಈಗ ಟಾಟಾ ಎಲೆಕ್ಟ್ರಾನಿಕ್ಸ್ ಮತ್ತು ಏಥರ್ ಇಲ್ಲಿವೆ, ಓಲಾ ಪೋಚಂಪಳ್ಳಿ ಬಳಿ ಇದೆ. 2019ರಲ್ಲಿ ಹೊಸೂರು ನಗರಸಭೆ ಮಹಾನಗರ ಪಾಲಿಕೆಯಾಯಿತು. ಕೆಲಸಕ್ಕೆ ಬಂದವರಿಗೆ ಮನೆ ಬೇಕು, ಅದಕ್ಕಾಗಿ ಬಾಡಿಗೆ ಕೊಡುತ್ತಾರೆ. ಇದು ಕೈಗೆ ಸಿಗುವ ಲೆಕ್ಕ.

ವಿಮಾನ ನಿಲ್ದಾಣದ್ದು ಬೇರೆ ಮಾತು. 2024ರ ಜೂನ್ 27ರಂದು ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ಹೊಸೂರಿಗೆ 2,000 ಎಕರೆಯಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ತರುವುದಾಗಿ ವಿಧಾನಸಭೆಯಲ್ಲಿ ಹೇಳಿದರು. ಅದೇ ದಿನದಿಂದ ಸೈಟಿನ ಬೆಲೆ ಹೇಳುವವರ ದನಿ ಬದಲಾಯಿತು. ಆದರೆ ಬೆಂಗಳೂರು ವಿಮಾನ ನಿಲ್ದಾಣದ ಒಪ್ಪಂದದ ಪ್ರಕಾರ, ಮೈಸೂರು ಮತ್ತು ಹಾಸನ ಬಿಟ್ಟು, ಅದರ 150 ಕಿ.ಮೀ. ಒಳಗೆ 2033ರ ತನಕ ಇನ್ನೊಂದು ನಿಲ್ದಾಣಕ್ಕೆ ತಡೆಯಿದೆ. ಮೆಟ್ರೋದ್ದೂ ಹೀಗೆಯೇ. ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಬೊಮ್ಮಸಂದ್ರದವರೆಗೆ ಬಂತು. ಅಲ್ಲಿಂದ ಹೊಸೂರಿಗೆ ತರುವ ವಿಚಾರ ಸಾಧ್ಯತಾ ವರದಿಯ ಮಟ್ಟ ದಾಟಿ ಹಳಿಯಾಗಿಲ್ಲ. ಎರಡೂ ಬಂದರೆ ಸಂತೋಷವೇ. ಆದರೆ ಬ್ಯಾಂಕಿನ ಕಂತು ಮುಂದಿನ ತಿಂಗಳ 5ನೇ ತಾರೀಖಿಗೇ ಬರುತ್ತದೆ.

ಬಾಡಿಗೆಯೂ ಶಾಶ್ವತ ಎಂದು ತಿಳಿಯಬಾರದು. ಶ್ರೀಪೆರಂಬದೂರು ಬಳಿಯ ವಲ್ಲಂ ವಡಗಾಲ್‌ನಲ್ಲಿ ಸಿಪ್‌ಕಾಟ್ 2024ರ ಆಗಸ್ಟ್‌ನಲ್ಲಿ 18,720 ಮಂದಿ ಇರಬಹುದಾದ ವಸತಿ ಸಮುಚ್ಚಯ ತೆರೆಯಿತು. ಕಾರ್ಖಾನೆಗಳೇ ಕಾರ್ಮಿಕರಿಗೆ ವಸತಿ ಕಟ್ಟಿಸುವ ರೂಢಿ ನಮ್ಮ ಕಡೆಗೂ ಹಬ್ಬಿದರೆ, ಮಂಚದ ಲೆಕ್ಕದಲ್ಲಿ ಕೊಡುವ ಸಣ್ಣ ರೂಮುಗಳಿಗೆ ಬೇಡಿಕೆ ತಗ್ಗಬಹುದು. ಸಂಸಾರಸ್ಥರು ಬಂದು ಇರುವಂಥ ಒಂದು ಬೆಡ್‌ರೂಮಿನ ಮನೆಗೆ ಆ ಭಯ ಕಡಿಮೆ. ಏನು ಕಟ್ಟಬೇಕು ಎಂದು ತೀರ್ಮಾನಿಸುವಾಗ ಇದನ್ನು ನೆನಪಿಡಿ.

ಮೊದಲ ಹಂತ: ಕಾಗದ

ರಿಪೇರಿ ಎಂದರೆ ಮೊದಲು ಮೇಸ್ತ್ರಿಯನ್ನು ಕರೆಯುತ್ತೇವೆ. ಆದರೆ ಮೊದಲ ಖರ್ಚು ಕಾಗದಕ್ಕೆ ಹೋಗಬೇಕು. ಪಟ್ಟಾ ಯಾರ ಹೆಸರಿನಲ್ಲಿದೆ? ತೀರಿಕೊಂಡ ತಂದೆಯ ಹೆಸರಿನಲ್ಲೋ, ತಾತನ ಹೆಸರಿನಲ್ಲೋ? ಇ.ಸಿ. ತೆಗೆಸಿದ್ದೀರಾ? ಹಳೇ ಮನೆಯ ನಕ್ಷೆಗೆ ಅನುಮತಿ ಇದೆಯೇ? ನಮ್ಮಲ್ಲಿ ಹಲವರ ಕಾಗದಗಳು ತಮಿಳಿನಲ್ಲಿವೆ. ಹಿರಿಯರಿಗೆ ತಮಿಳು ಮಾತನಾಡಲು ಬರುತ್ತದೆ, ಓದಲು ಬರುವುದಿಲ್ಲ. ಓದಲಾಗದ ಕಾಗದಕ್ಕೆ ಸಹಿ ಹಾಕಬೇಡಿ. ಮನೆಯ ಮಕ್ಕಳಿಂದಲಾದರೂ ಓದಿಸಿ, ಪ್ರತಿ ಸಾಲಿನ ಅರ್ಥ ತಿಳಿದ ಮೇಲೆ ಹಾಕಿ.

ಪಿತ್ರಾರ್ಜಿತ ಮನೆಯಾದರೆ ಇನ್ನೊಂದು ಮಾತಿದೆ. ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ ಕಾನೂನು ತಮಿಳುನಾಡಿನಲ್ಲಿ 1989ರಿಂದ, ಕರ್ನಾಟಕದಲ್ಲಿ 1994ರಿಂದ, ದೇಶಕ್ಕೆಲ್ಲ 2005ರಿಂದ ಇದೆ. ಅಕ್ಕ ತಂಗಿಯರನ್ನು ಆನೇಕಲ್ಲಿಗೋ ಕೋಲಾರಕ್ಕೋ ಕೊಟ್ಟು ಮದುವೆ ಮಾಡಿರುತ್ತೇವೆ. ಅಣ್ಣ ತನ್ನ ದುಡ್ಡಿನಲ್ಲಿ ಮಹಡಿ ಕಟ್ಟಿಸಿ, ಮಾರುವ ದಿನ ತಂಗಿಯ ಸಹಿ ಕೇಳಿದರೆ ಮನಸ್ಸು ಮುರಿಯುತ್ತದೆ. ಯಾರ ಖರ್ಚು ಎಷ್ಟು, ಯಾರ ಪಾಲು ಎಷ್ಟು ಎಂಬುದನ್ನು ಪಾಯ ತೆಗೆಯುವ ಮೊದಲೇ ಕೂತು ಬರೆದುಕೊಳ್ಳುವುದು ಎಲ್ಲರಿಗೂ ಒಳ್ಳೆಯದು.

ಅನುಮೋದನೆ ಇಲ್ಲದ ಲೇಔಟಿನ ಸೈಟ್ ಆದರೆ ಇನ್ನೂ ಎಚ್ಚರ ಬೇಕು. 2016ರ ಅಕ್ಟೋಬರ್ 20ಕ್ಕಿಂತ ಮೊದಲು ಆದ ಅಂಥ ಸೈಟುಗಳನ್ನು ಸಕ್ರಮ ಮಾಡಿಸಿಕೊಳ್ಳಲು ಸರ್ಕಾರ 2017ರಲ್ಲಿ ನಿಯಮ ತಂದಿತು. ಸಕ್ರಮ ಆಗದಿದ್ದರೆ ನಕ್ಷೆಗೆ ಅನುಮತಿ ಇಲ್ಲ, ಬ್ಯಾಂಕ್ ಸಾಲವೂ ಕಷ್ಟ. 2024ರ ಜುಲೈನಿಂದ ಒಂದು ಅನುಕೂಲವೂ ಬಂದಿದೆ. 2,500 ಚದರಡಿವರೆಗಿನ ಸೈಟಿನಲ್ಲಿ 3,500 ಚದರಡಿವರೆಗಿನ, ನೆಲಮಹಡಿ ಅಥವಾ ಅದರ ಮೇಲೊಂದು ಮಹಡಿಯ ಮನೆಗೆ ಆನ್‌ಲೈನ್‌ನಲ್ಲಿ ಸ್ವಯಂ ದೃಢೀಕರಣದ ಮೂಲಕ ತಕ್ಷಣ ಅನುಮತಿ ಸಿಗುತ್ತದೆ. ಹಳೇ ಮನೆಯ ಮೇಲೆ ಕಟ್ಟುವವರು ತಮ್ಮ ಸಂಗತಿಗೆ ಇದು ಹೊಂದುತ್ತದೆಯೇ ಎಂದು ನೋಂದಾಯಿತ ಎಂಜಿನಿಯರರನ್ನು ಕೇಳಿ. ಕರ್ನಾಟಕದ ಕಡೆ, ಅತ್ತಿಬೆಲೆ ಆನೇಕಲ್ ಭಾಗದಲ್ಲಿರುವ ಸದಸ್ಯರಿಗೆ ಪಟ್ಟಾದ ಜಾಗದಲ್ಲಿ ಇ–ಖಾತಾ ಎಂದು ಓದಿಕೊಳ್ಳಬಹುದು. ಬುದ್ಧಿಮಾತು ಒಂದೇ.

ಎರಡನೇ ಹಂತ: ಇರುವ ಮನೆ ಗಟ್ಟಿಯಾಗಲಿ

25–30 ವರ್ಷದ ಹಳೇ ಮನೆಗಳಲ್ಲಿ ಅನೇಕವು ಮೇಲೊಂದು ಮಹಡಿ ಹೊರುವ ಲೆಕ್ಕದಲ್ಲಿ ಕಟ್ಟಿದವಲ್ಲ. ಮೇಸ್ತ್ರಿ ಕಣ್ಣಳತೆಯಲ್ಲಿ "ತಡೆಯುತ್ತೆ ಸಾರ್" ಎನ್ನುವುದು ಸಾಲದು. ಪಾಯ, ಗೋಡೆ, ಕಾಲಂಗಳನ್ನು ಎಂಜಿನಿಯರ್ ನೋಡಿ ಬರೆದು ಕೊಡಬೇಕು. ಆ ಶುಲ್ಕ ಇಡೀ ಕೆಲಸದ ಖರ್ಚಿನಲ್ಲಿ ಚಿಕ್ಕದು. ಆಮೇಲೆ ತಾರಸಿಯ ಸೋರಿಕೆ, ಹಳೇ ವೈರಿಂಗ್, ತುಕ್ಕು ಹಿಡಿದ ಪೈಪು, ಎರಡು ಸಂಸಾರಕ್ಕೆ ಸಾಲುವ ಸಂಪು. ನೋಡಲು ಬರುವವರು ಟೈಲ್ಸ್ ಬಣ್ಣವನ್ನು ಹೊಗಳುತ್ತಾರೆ, ಆದರೆ ಬಾಡಿಗೆದಾರರು ವರ್ಷಗಟ್ಟಲೆ ನಿಲ್ಲುವುದು ನೀರು ಬರುವ, ಸೋರದ ಮನೆಯಲ್ಲಿ. ದುಡ್ಡು ಕಡಿಮೆ ಇದ್ದರೆ ಟೈಲ್ಸ್ ಮುಂದಕ್ಕೆ ಹಾಕಿ, ಪೈಪನ್ನು ಮುಂದಕ್ಕೆ ಹಾಕಬೇಡಿ.

ಮೂರನೇ ಹಂತ: ಒಂದು ಮನೆ, ಆಮೇಲೆ ಇನ್ನೊಂದು

ಒಂದು ಲೆಕ್ಕ ಹಾಕಿ ನೋಡೋಣ. ಇದು ಉದಾಹರಣೆ ಮಾತ್ರ, ನಿಮ್ಮ ಬೀದಿಯ ದರ ಹಾಕಿಕೊಂಡು ಮತ್ತೆ ಮಾಡಿ. ಮೇಲೆ ಐದು ಚದರದ, ಅಂದರೆ 500 ಚದರಡಿಯ ಒಂದು ಬೆಡ್‌ರೂಮಿನ ಮನೆ. ಚದರಡಿಗೆ 2,200 ರೂ. ಎಂದರೆ 11 ಲಕ್ಷ. ಕೈಮೀರುವ ಖರ್ಚಿಗೆಂದು ಶೇ. 15, ಸುಮಾರು 1.65 ಲಕ್ಷ ಬೇರೆ ಇಡಬೇಕು. ಇದರಲ್ಲಿ 8 ಲಕ್ಷ ಬ್ಯಾಂಕ್ ಸಾಲ, ಉಳಿದದ್ದು ಕೈಯ ಹಣ ಎನ್ನೋಣ. ಶೇ. 8.5ರ ಬಡ್ಡಿಯಲ್ಲಿ 15 ವರ್ಷಕ್ಕೆ ತಿಂಗಳ ಕಂತು ಸುಮಾರು 7,880 ರೂ. ಬಾಡಿಗೆ 9,000 ಬಂದರೆ ತಿಂಗಳಿಗೆ 1,100 ಉಳಿಯಿತಲ್ಲ ಎನಿಸುತ್ತದೆ.

ಈಗ ವರ್ಷದ ಲೆಕ್ಕ ನೋಡಿ. ಒಂದು ತಿಂಗಳು ಮನೆ ಖಾಲಿ ಎಂದುಕೊಂಡರೆ ಬಾಡಿಗೆ 99,000. ಸುಣ್ಣ ಬಣ್ಣ, ರಿಪೇರಿ, ಆಸ್ತಿ ತೆರಿಗೆಗೆ ಹತ್ತರಲ್ಲಿ ಒಂದು ಭಾಗ ಹೋದರೆ ಉಳಿಯುವುದು ಸುಮಾರು 89,000. ಕಂತು ಕಟ್ಟಬೇಕಾದದ್ದು ಸುಮಾರು 94,500. ಅಂದರೆ ವರ್ಷಕ್ಕೆ 5,500 ರೂ. ಕೈಯಿಂದ ಹೋಗುತ್ತದೆ. ಇದು ನಷ್ಟವಲ್ಲ, ಸಾಲ ತೀರಿದ ಮೇಲೆ ಮನೆ ನಿಮ್ಮದು. ಆದರೆ "ಸಾಲ ತಾನಾಗೇ ತೀರುತ್ತೆ" ಎಂಬುದು ಸುಳ್ಳಾಯಿತು.

ಇದೇ ಜಾಗದಲ್ಲಿ ಎರಡು ಮನೆಗಳನ್ನು ಒಟ್ಟಿಗೆ ಕಟ್ಟಲು 18 ಲಕ್ಷ ಸಾಲ ಮಾಡಿದರೆ ಕಂತು 17,700 ದಾಟುತ್ತದೆ. ಒಂದು ಮನೆ ಆರು ತಿಂಗಳು ಖಾಲಿ ಬಿದ್ದರೆ ಸಂಬಳದಿಂದಲೇ ತುಂಬಬೇಕು. ಅದಕ್ಕೇ ಹಂತ ಹಂತವಾಗಿ ಕಟ್ಟಿ ಎನ್ನುವುದು. ಮೊದಲ ಮನೆ ಒಂದು ವರ್ಷ ಬಾಡಿಗೆ ತಂದು, ಕಂತು ತಪ್ಪದೆ ನಡೆದರೆ ಎರಡನೆಯದಕ್ಕೆ ಕೈ ಹಾಕಿ. ಎರಡಕ್ಕೂ ಬೇಕಾದ ಕಾಲಂ, ಮೆಟ್ಟಿಲು, ಪೈಪ್‌ಲೈನ್‌ಗಳನ್ನು ಮಾತ್ರ ಮೊದಲೇ ಯೋಜಿಸಿ. ಇಲ್ಲದಿದ್ದರೆ ಎರಡನೇ ಸಲ ಗೋಡೆ ಒಡೆಯಬೇಕಾಗುತ್ತದೆ.

ಸಿಮೆಂಟ್ ಅಗ್ಗವಾಯಿತು ಎಂದು ಅವಸರ ಮಾಡುವವರೂ ಇದ್ದಾರೆ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದದ್ದು ನಿಜ. ತೆರಿಗೆ ಬಿಟ್ಟು 300 ರೂ. ಇರುವ ಚೀಲಕ್ಕೆ 30 ರೂ. ಉಳಿತಾಯ. ಐದು ಚದರದ ಮನೆಗೆ ಸುಮಾರು 200 ಚೀಲ ಎಂದರೂ 6,000 ರೂ. 11 ಲಕ್ಷದ ಕೆಲಸದಲ್ಲಿ ಇದು ಶೇ. 1ಕ್ಕಿಂತ ಕಡಿಮೆ.

ಹಣ ಎಲ್ಲಿಂದ?

ಬ್ಯಾಂಕ್ ಗೃಹಸಾಲವೇ ಈಗಲೂ ಅಗ್ಗ. ರಿಸರ್ವ್ ಬ್ಯಾಂಕ್ 2025ರಲ್ಲಿ ರೆಪೊ ದರವನ್ನು ಶೇ. 6.5ರಿಂದ 5.25ಕ್ಕೆ ಇಳಿಸಿತು. ಇಳಿದದ್ದು ಏರಲೂಬಹುದು. ಬಡ್ಡಿ ಶೇ. 1 ಏರಿದರೆ ಮೇಲಿನ 8 ಲಕ್ಷದ ಕಂತು ತಿಂಗಳಿಗೆ ಸುಮಾರು 475 ರೂ. ಹೆಚ್ಚುತ್ತದೆ. ಬ್ಯಾಂಕು ಪೂರ್ತಿ ಹಣವನ್ನು ಒಂದೇ ಸಲ ಕೊಡುವುದಿಲ್ಲ. ಕೆಲಸ ಏರಿದಂತೆ ಕಂತಿನಲ್ಲಿ ಕೊಡುತ್ತದೆ, ಅದಕ್ಕೂ ಮೊದಲು ನಿಮ್ಮ ಪಾಲು ಹಾಕಬೇಕು. ಆದ್ದರಿಂದ ಸೆಂಟ್ರಿಂಗ್ ದಿನ ಕೈಯಲ್ಲಿ ಹಣವಿರುವಂತೆ ನೋಡಿಕೊಳ್ಳಿ. ಬದಲಾಗುವ ಬಡ್ಡಿಯ ಗೃಹಸಾಲವನ್ನು ವ್ಯಕ್ತಿಗಳು ಅವಧಿಗೆ ಮುನ್ನ ತೀರಿಸಿದರೆ ದಂಡವಿಲ್ಲ ಎಂಬುದೂ ತಿಳಿದಿರಲಿ.

ನಮ್ಮ ಕಡೆ ಹೆಚ್ಚು ನಡೆಯುವುದು ಭೋಗ್ಯ. ಬಾಡಿಗೆದಾರರಿಂದ 6 ಲಕ್ಷ ಪಡೆದು ಮೂರು ವರ್ಷಕ್ಕೆ ಮನೆ ಬಿಟ್ಟುಕೊಡುವುದು. ಬಡ್ಡಿ ಇಲ್ಲದ ಹಣ ಎಂದು ತೋರುತ್ತದೆ. ಆದರೆ 9,000 ಬಾಡಿಗೆ ಬಿಟ್ಟುಕೊಟ್ಟಿದ್ದೀರಿ. ವರ್ಷಕ್ಕೆ 1,08,000, ಅಂದರೆ 6 ಲಕ್ಷದ ಮೇಲೆ ಶೇ. 18. ಬ್ಯಾಂಕ್ ಬಡ್ಡಿಯ ಎರಡು ಪಟ್ಟಿಗಿಂತ ಹೆಚ್ಚು! ಮೇಲಾಗಿ ಅಸಲು ಹಾಗೆಯೇ ಉಳಿದಿದೆ. ಹೊಸ ಭೋಗ್ಯದವರ ಹಣದಿಂದ ಹಳಬರಿಗೆ ಕೊಡುವ ಸರಪಳಿ ಒಂದು ಕಡೆ ತುಂಡಾದರೆ ಎರಡು ಸಂಸಾರಗಳು ಬೀದಿಗೆ ಬರುತ್ತವೆ, ಮಾಲೀಕರದ್ದು ಮತ್ತು ಬಾಡಿಗೆದಾರರದ್ದು.

ಕೈಸಾಲದ ಬಗ್ಗೆ ಹೇಳಬೇಕಾದದ್ದು ಇಷ್ಟೇ. "ನೂರಕ್ಕೆ ಎರಡು ರೂಪಾಯಿ" ಎಂದರೆ ವರ್ಷಕ್ಕೆ ಶೇ. 24. ಮೂರು ಲಕ್ಷಕ್ಕೆ ತಿಂಗಳಿಗೆ 6,000 ಬಡ್ಡಿಯೇ ಹೋಗುತ್ತದೆ. 9,000 ಬಾಡಿಗೆಯಲ್ಲಿ ಇನ್ನೇನು ಉಳಿಯಿತು? ಚೀಟಿ ಹಾಕುವುದಾದರೆ ನೋಂದಾಯಿತ ಚೀಟಿಯೇ ಇರಲಿ.

ಮಾರಲೆಂದೇ ಮಾಡಿಸುವವರಿಗೆ

ಹಳೇ ಮನೆ ಕೊಂಡು, ಚೆಂದ ಮಾಡಿಸಿ, ಮಾರಿ ಲಾಭ ಮಾಡುವ ಯೋಚನೆಯೂ ಕೆಲವರದು. ತಮಿಳುನಾಡಿನಲ್ಲಿ ಕೊಳ್ಳುವವರು ಮುದ್ರಾಂಕ ಮತ್ತು ವರ್ಗಾವಣೆಗೆ ಶೇ. 7, ನೋಂದಣಿಗೆ ಶೇ. 2, ಒಟ್ಟು ಶೇ. 9 ಕೊಡಬೇಕು. 50 ಲಕ್ಷದ ಮನೆಗೆ 4.5 ಲಕ್ಷ. ನೀವು ಕೊಳ್ಳುವಾಗ ಒಮ್ಮೆ ಕೊಟ್ಟಿರಿ, ನಿಮ್ಮಿಂದ ಕೊಳ್ಳುವವರು ಅದನ್ನು ಲೆಕ್ಕಕ್ಕೆ ಹಿಡಿದೇ ಬೆಲೆ ಕೇಳುತ್ತಾರೆ. ಎರಡು ವರ್ಷದೊಳಗೆ ಮಾರಿದರೆ ಲಾಭ ನಿಮ್ಮ ಆದಾಯಕ್ಕೆ ಸೇರಿ, ನಿಮ್ಮ ದರದಲ್ಲೇ ತೆರಿಗೆ. ಎರಡು ವರ್ಷ ದಾಟಿದರೆ ಶೇ. 12.5. 2024ರ ಜುಲೈ 23ಕ್ಕಿಂತ ಮೊದಲು ಕೊಂಡದ್ದಾದರೆ, ಬೆಲೆಯೇರಿಕೆಯ ಸೂಚ್ಯಂಕ ಹಾಕಿ ಶೇ. 20ರ ಲೆಕ್ಕವನ್ನೂ ಹೋಲಿಸಿ, ಕಡಿಮೆ ಬರುವುದನ್ನು ಕಟ್ಟಬಹುದು.

ಇಲ್ಲಿ ಬಿಲ್ಲುಗಳ ಬೆಲೆ ತಿಳಿಯುತ್ತದೆ. ಮನೆಯ ಅಭಿವೃದ್ಧಿಗೆ 5 ಲಕ್ಷ ಹಾಕಿ ಒಂದು ಬಿಲ್ಲೂ ಇಟ್ಟುಕೊಳ್ಳದಿದ್ದರೆ, ಅದನ್ನು ಲಾಭದಿಂದ ಕಳೆಯಲಾಗದು. ಶೇ. 12.5ರ ಲೆಕ್ಕದಲ್ಲಿ 62,500 ರೂ. ಹೆಚ್ಚು ತೆರಿಗೆ. ಬಿಲ್ ಇಲ್ಲದಿದ್ದರೆ ಅಂಗಡಿಯವರು ಸ್ವಲ್ಪ ಬಿಡುತ್ತಾರೆ ಎಂದು ಒಪ್ಪುವ ಮೊದಲು ಇದನ್ನು ನೆನೆಯಿರಿ. ಮೇಸ್ತ್ರಿಗೆ ಕೊಡುವ ಹಣವನ್ನೂ ಆದಷ್ಟು ಬ್ಯಾಂಕ್ ಮೂಲಕ ಕೊಡಿ.

ನಮ್ಮ ಅನಿಸಿಕೆ

ಹಳೇ ಮನೆಯನ್ನು ಅಂದಗಾಣಿಸಿದರೆ ಲಾಭ ಇಲ್ಲ ಎಂದು ನಾವು ಹೇಳುತ್ತಿಲ್ಲ. ಆ ಲಾಭ ಬರುವುದು ಸರಿಯಾದ ಕಾಗದದಿಂದ, ಗಟ್ಟಿಯಾದ ಪಾಯದಿಂದ, ತಪ್ಪದೆ ಬರುವ ಬಾಡಿಗೆಯಿಂದ. ವಿಮಾನ ನಿಲ್ದಾಣ ಬಂದರೆ ಅದರ ಮೇಲಿನ ಲಾಭ. ಬಾರದಿದ್ದರೂ ಮನೆ ಉಳಿಯುವಂತಿರಬೇಕು. ತಲೆಮಾರುಗಳಿಂದ ಇಲ್ಲಿರುವ ಕನ್ನಡದ ಮನೆಗಳು ಸಾಲಕ್ಕೆ ಸಿಕ್ಕಿ ಕೈತಪ್ಪಿದರೆ, ಆ ಸಂಸಾರಗಳು ಇನ್ನೆಲ್ಲೋ ಹೋಗುತ್ತವೆ. ಸಭೆಯಲ್ಲಿ ಒಂದು ಕುರ್ಚಿ, ಶಾಲೆಯ ಕನ್ನಡ ತರಗತಿಯಲ್ಲಿ ಒಂದು ಮಗು ಕಡಿಮೆಯಾಗುತ್ತದೆ.

ಮುಂದಿನ ಸಭೆಗೆ ಬರುವಾಗ ನಿಮ್ಮ ಪಟ್ಟಾ, ಇ.ಸಿ., ಬ್ಯಾಂಕಿನ ಮಂಜೂರಾತಿ ಪತ್ರಗಳ ನಕಲು ತನ್ನಿ. ತಮಿಳು ಓದಬಲ್ಲ ಸದಸ್ಯರು ಒಂದು ಗಂಟೆ ಹೆಚ್ಚಾಗಿ ಕುಳಿತು ಓದಿ ಹೇಳಲಿ ಎಂಬುದು ನಮ್ಮ ಕೋರಿಕೆ. ಮಹಡಿ ಕಟ್ಟಿಸಿ ಗೆದ್ದವರೂ, ಕೈ ಸುಟ್ಟುಕೊಂಡವರೂ ತಮ್ಮ ಲೆಕ್ಕವನ್ನು ಬರೆದು ಕಳುಹಿಸಿದರೆ ಮುಂದಿನ ಸಂಚಿಕೆಯಲ್ಲಿ ಹೆಸರಿಲ್ಲದೆ ಹಾಕುತ್ತೇವೆ.