ಕೂತ್ಕೊಂಡ್ರೆ ಸಾಕಾ, ಹೊಂದ್ಕೋಬೇಡ್ವಾ?

"ಕೂತಿದೆ ಸಾರ್, ಏನೂ ತೊಂದ್ರೆ ಇಲ್ಲ."

ಈ ಒಂದು ಮಾತಿನ ಮೇಲೆ ನನಗೆ ಎಷ್ಟು ಸಿಟ್ಟಿದೆ ಅಂದ್ರೆ ಬರೆದೇ ತೀರಿಸಿಕೊಳ್ಳಬೇಕು. ಬೈಗುಳ ಪೂರ್ತಿ ಮೆಕ್ಯಾನಿಕ್ಕಿಗೆ ಅಂದ್ಕೋಬೇಡಿ. ಅದರಲ್ಲಿ ನನ್ನ ಪಾಲೂ ಇದೆ, ಬಹುಶಃ ನಿಮ್ಮದೂ.

ವಿಷಯ ಇಷ್ಟು. ಶಿವಮೊಗ್ಗದಲ್ಲಿ ನಮ್ಮಪ್ಪನ ಹತ್ತಿರ 1997ರ ಮಾರುತಿ 800 ಇದೆ. ಕಾರ್ಬುರೇಟರ್ ಗಾಡಿ. ವಯಸ್ಸಿನಲ್ಲಿ ನನಗಿಂತ ಒಂದು ವರ್ಷ ದೊಡ್ಡದು, ಮನೇಲಿ ಮರ್ಯಾದೆಯೂ ನನಗಿಂತ ಜಾಸ್ತಿ :) 2012ಕ್ಕೆ ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಿಕೊಂಡು ಅಪ್ಪ ಅದನ್ನ ಸಾಕ್ತಾ ಬಂದಿದ್ದಾರೆ. ಮಲೆನಾಡಿನ ಮಳೆಗೆ ಪೆಟ್ರೋಲ್ ಟ್ಯಾಂಕು ತುಕ್ಕು ಹಿಡಿದು ಅಂಚಿನಲ್ಲಿ ಜಿನುಗೋಕೆ ಶುರುವಾಯ್ತು. ಮೂರು ಅಂಗಡಿ ಸುತ್ತಿದರೂ ಆ ಮಾಡೆಲ್ಲಿನ ಹೊಸ ಟ್ಯಾಂಕು ಸಿಗಲಿಲ್ಲ. ಗ್ಯಾರೇಜಿನವರು ಗುಜರಿಯಿಂದ ಬೇರೊಂದು ಮಾಡೆಲ್ಲಿನ, ಎಂಪಿಎಫ್‌ಐ ಗಾಡಿಯ ಟ್ಯಾಂಕು ತಂದ್ರು. ಅಪ್ಪ ಫೋನ್ ಮಾಡಿ ಕೇಳಿದಾಗ ನಾನು ಬೆಂಗಳೂರಲ್ಲಿ ಮೀಟಿಂಗಿನಲ್ಲಿದ್ದೆ. "ಅಪ್ಪಾ, ಹಾಕಿಸಿಬಿಡು" ಅಂದೆ. ಇಂಜಿನಿಯರ್ ಮಗನೇ ಒಪ್ಪಿದ ಮೇಲೆ ಇನ್ನೇನು! ಅರ್ಧ ದಿನದಲ್ಲಿ ಕೆಲಸ ಮುಗೀತು.

ಮುಂದಿನ ತಿಂಗಳು ಉಡುಪಿಗೆ ಹೋಗಿ ವಾಪಸ್ ಬರುವಾಗ, ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತುತ್ತಾ ಇದ್ದೆವು. ಐದನೇ ತಿರುವೋ ಆರನೆಯದೋ, ಗಾಡಿ ಕೆಮ್ಮಿ ನಿಂತುಬಿಟ್ಟಿತು. ಹಿಂದೆ ಬಸ್ಸು, ಪಕ್ಕದಲ್ಲಿ ಪ್ರಪಾತ. ಹಿಂದಿನ ಸೀಟಲ್ಲಿ ಅಮ್ಮ, ಅವಳ ತೊಡೆ ಮೇಲೆ ಮಲಗಿದ್ದ ಅಕ್ಕನ ಮೂರು ವರ್ಷದ ಮಗಳು. ಪೆಟ್ರೋಲ್ ಮುಳ್ಳು ಅರ್ಧ ಟ್ಯಾಂಕು ತೋರಿಸ್ತಿತ್ತು. ಬೈಕಿನವರೊಬ್ಬರು ಮೇಲೆ ಹೋಗಿ ಐದು ಲೀಟರ್ ಪೆಟ್ರೋಲ್ ತಂದುಕೊಟ್ಟರು, ಅವರ ಹೊಟ್ಟೆ ತಣ್ಣಗಿರಲಿ. ಹಾಕಿದ ಮೇಲೆ ಗಾಡಿ ಶುರುವಾಯ್ತು. ಅಮ್ಮ ಮಾತ್ರ ಉಡುಪಿಯಿಂದಲೂ ಒಂದೇ ಮಾತು ಹೇಳ್ತಿದ್ದಳು: "ಪೆಟ್ರೋಲ್ ವಾಸನೆ ಬರ್ತಿದೆ ಕಣೋ." "ಹಳೇ ಗಾಡಿ ಅಲ್ವಾಮ್ಮ" ಅಂದಿದ್ದೆ ನಾನು. ಈ ಉತ್ತರಕ್ಕೆ ನನಗೆ ಇವತ್ತಿಗೂ ನಾಚಿಕೆ ಇದೆ.

ಊರಿಗೆ ಬಂದು ಟ್ಯಾಂಕು ಇಳಿಸಿ ನೋಡಿದೆವು. ಎಂಪಿಎಫ್‌ಐ ಗಾಡಿಯಲ್ಲಿ ಪಂಪು ಟ್ಯಾಂಕಿನ ಒಳಗೇ ಇರುತ್ತೆ. ನಮ್ಮ ಗಾಡಿಯಲ್ಲಿ ಎಂಜಿನ್ನಿಗೆ ಅಂಟಿಕೊಂಡ ಮೆಕ್ಯಾನಿಕಲ್ ಪಂಪು ಟ್ಯಾಂಕಿನಿಂದ ಪೆಟ್ರೋಲ್ ಹೀರ್ಕೊಳ್ಳುತ್ತೆ. ಹಾಗಾಗಿ ಒಳಗಿನ ಪಂಪು ಕಿತ್ತು, ಆ ದೊಡ್ಡ ತೂತಿಗೆ ತಗಡು ಕತ್ತರಿಸಿ ಮುಚ್ಚಿ, ಸುತ್ತ ಸಿಲಿಕೋನ್ ಪೇಸ್ಟ್ ಬಳಿದಿದ್ದರು. ಮಾಮೂಲಿ ಸಿಲಿಕೋನ್ ಪೇಸ್ಟು ಪೆಟ್ರೋಲಿಗೆ ತಡೆಯೋದಿಲ್ಲ, ಮೆತ್ತಗಾಗಿ ಬಿಟ್ಟುಕೊಂಡಿತ್ತು. ಅಮ್ಮನಿಗೆ ಬಂದ ವಾಸನೆ ಅಲ್ಲಿಂದ. ತಗಡಿನ ಮೂಲಕ ಇಳಿಬಿಟ್ಟ ತಾಮ್ರದ ಪೈಪು ತಳಕ್ಕಿಂತ ನಾಲ್ಕು ಬೆರಳು ಮೇಲೇ ನಿಂತಿತ್ತು. ಏರಿನಲ್ಲಿ ಪೆಟ್ರೋಲ್ ಹಿಂದಕ್ಕೆ ಸರಿದಾಗ ಅದು ಹೀರಿದ್ದು ಬರೀ ಗಾಳಿ. ಫ್ಲೋಟು ಆ ಗಾಡಿಯದ್ದು, ಮೀಟರು ಈ ಗಾಡಿಯದ್ದು. ಹಾಗಾಗಿ ಮುಳ್ಳು ತೋರಿಸಿದ "ಅರ್ಧ" ನಿಜವಾದ ಅರ್ಧ ಅಲ್ಲವೇ ಅಲ್ಲ. ಒಂದು ಬದಿಯ ಬೋಲ್ಟಿನ ತೂತು ಹೊಂದದೆ ಅಲ್ಲಿ ಕಬ್ಬಿಣದ ಪಟ್ಟಿ ಬಿಗಿದಿದ್ದರು.

ಆದ್ರೆ ಟ್ಯಾಂಕು "ಕೂತಿತ್ತು" ಸ್ವಾಮಿ! ಅದರಲ್ಲಿ ಸುಳ್ಳಿಲ್ಲ.

ನನ್ನ ತಕರಾರು ಇಲ್ಲೇ. ಟ್ಯಾಂಕು ಅಂದ್ರೆ ಪೆಟ್ರೋಲ್ ತುಂಬೋ ಡಬ್ಬ ಅಂತ ನಾವು ತಿಳ್ಕೊಂಡಿದ್ದೀವಿ. ಅದು ಡಬ್ಬ ಅಲ್ಲ. ಪೆಟ್ರೋಲ್ ಹೊರಗೆ ಹೋಗೋ ದಾರಿ, ಮಿಕ್ಕಿದ್ದು ವಾಪಸ್ ಬರೋ ದಾರಿ, ಗಾಳಿ ಆಡೋ ದಾರಿ, ತುಂಬೋ ಕೊಳವೆ, ಅಳೆಯೋ ಫ್ಲೋಟು, ಹಿಡಿದಿಡೋ ಬೋಲ್ಟುಗಳು, ಹೀಗೆ ಆರು ಕಡೆ ಅದು ಗಾಡಿಗೆ ಸೇರ್ಕೊಳ್ಳುತ್ತೆ. ಆರರಲ್ಲಿ ಒಂದು ತಪ್ಪಿದ್ರೂ ತಪ್ಪೇ. ಗಾಳಿ ದಾರಿ ಮುಚ್ಚಿದ್ರೆ ಪೆಟ್ರೋಲ್ ಖಾಲಿಯಾದ ಹಾಗೆ ಒಳಗೆ ನಿರ್ವಾತ ಆಗಿ ಗಾಡಿ ನಿಲ್ಲುತ್ತೆ. ಪಂಪು ಕೀಳದೆ ಹಾಗೇ ಬಿಟ್ಟು ಕಾರ್ಬುರೇಟರಿಗೆ ಜೋಡಿಸಿದ್ರೆ ಇನ್ನೂ ಅಪಾಯ. ಕಾರ್ಬುರೇಟರಿಗೆ ಬೇಕಾದ ಒತ್ತಡ 0.2-0.3 ಬಾರ್. ಎಂಪಿಎಫ್‌ಐ ಪಂಪು ಕೊಡೋದು 3 ಬಾರ್ ಆಸುಪಾಸು, ಅಂದ್ರೆ ಹತ್ತು ಪಟ್ಟು. ಕಾರ್ಬುರೇಟರಿನ ಪುಟ್ಟ ಸೂಜಿ ಅದನ್ನ ತಡೆಯೋದಿಲ್ಲ, ಪೆಟ್ರೋಲ್ ಉಕ್ಕಿ ಬಿಸಿ ಎಂಜಿನ್ ಮೇಲೆ ಸುರಿಯುತ್ತೆ.

ಫ್ಲೋಟಿನ ಕಥೆಯೂ ಅಷ್ಟೇ. ಹಳೇ ಅಮೆರಿಕನ್ ಗಾಡಿಗಳಲ್ಲಿ, ಜನರಲ್ ಮೋಟಾರ್ಸಿನದ್ದಾದ್ರೆ ಖಾಲಿಗೆ 0 ಓಮ್, ತುಂಬಿದಾಗ 90. ಫೋರ್ಡಿನದ್ದಾದ್ರೆ ಖಾಲಿಗೆ 73ರ ಹತ್ತಿರ, ತುಂಬಿದಾಗ 10. ಒಂದರ ಫ್ಲೋಟನ್ನ ಇನ್ನೊಂದರ ಮೀಟರಿಗೆ ಕೊಟ್ರೆ ಮುಳ್ಳು ಉಲ್ಟಾ ಓಡುತ್ತೆ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದ್ರೆ, ಕಂಪೈಲ್ ಆಯ್ತು ಅಂತ ಟೆಸ್ಟ್ ಮಾಡದೆ ಪ್ರೊಡಕ್ಷನ್ನಿಗೆ ಬಿಟ್ಟ ಹಾಗೆ. ಆಫೀಸಲ್ಲಿ ಯಾರಾದ್ರೂ ಹೀಗೆ ಮಾಡಿದ್ರೆ ನಾನೇ ಹಾರಾಡ್ತೀನಿ. ಅಪ್ಪನ ಗಾಡಿಗೆ ಮಾತ್ರ ಫೋನಲ್ಲೇ ಓಕೆ!

"ಇಷ್ಟಕ್ಕೆಲ್ಲ ಯಾಕೆ ಇಷ್ಟೊಂದು ರಾಮಾಯಣ?" ಅನ್ನೋರಿಗೆ ಫೋರ್ಡ್ ಪಿಂಟೋ ನೆನಪಿಸ್ತೀನಿ. 1978ರ ಜೂನಿನಲ್ಲಿ ಅಮೆರಿಕದಲ್ಲಿ ಸುಮಾರು 15 ಲಕ್ಷ ಪಿಂಟೋ ಮತ್ತು ಅದರ ಜೊತೆಯ ಬಾಬ್‌ಕ್ಯಾಟ್ ಕಾರುಗಳನ್ನ ವಾಪಸ್ ಕರೆಸಬೇಕಾಯ್ತು. ಟ್ಯಾಂಕು ಇದ್ದದ್ದು ಹಿಂದಿನ ಆಕ್ಸಲ್ಲಿಗೂ ಬಂಪರಿಗೂ ನಡುವೆ. ಹಿಂದಿನಿಂದ ಗುದ್ದಿದ್ರೆ ತುಂಬೋ ಕೊಳವೆ ಕಿತ್ತು ಬರ್ತಿತ್ತು, ಟ್ಯಾಂಕು ತೂತಾಗ್ತಿತ್ತು. ಆಗ ಮಾಡಿದ ರಿಪೇರಿ ಏನು ಗೊತ್ತಾ? ಇನ್ನಷ್ಟು ಉದ್ದದ ಕೊಳವೆ, ಒಂದು ಪ್ಲಾಸ್ಟಿಕ್ ಗುರಾಣಿ. ಕೊಳವೆಯ ಉದ್ದ ಅನ್ನೋ ಅಷ್ಟು ಸಣ್ಣ ವಿಷಯದ ಮೇಲೆ ಜೀವ ನಿಂತಿತ್ತು. ಫ್ಯಾಕ್ಟರಿಯಲ್ಲೇ ಇಂಥ ತಪ್ಪು ಆಗಬಹುದಾದ್ರೆ, ಅರ್ಧ ದಿನದಲ್ಲಿ ಕಣ್ಣಳತೆಯಲ್ಲಿ ಹಾಕಿದ್ದರ ಗತಿ ಏನು, ನೀವೇ ಹೇಳಿ.

ನಮ್ಮ ಕಾನೂನಿನ ತಮಾಷೆ ನೋಡಿ. ಸಿಎನ್‌ಜಿ ಕಿಟ್ ಹಾಕಿಸಿದ್ರೆ ಆರ್‌ಸಿಯಲ್ಲಿ ನಮೂದಾಗಬೇಕು, ಸಿಲಿಂಡರನ್ನ ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು. ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಬರೋ ಹಾಗೆ ಗಾಡಿ ಬದಲಾಯಿಸಬಾರದು ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಸರಿಯಾಗೇ ಇದೆ. ಆದ್ರೆ ಪೆಟ್ರೋಲ್ ಟ್ಯಾಂಕಿನ ಸುದ್ದಿ ಆರ್‌ಸಿಯಲ್ಲೇ ಇಲ್ಲ. ಯಾರು ಬೇಕಾದ್ರೂ ಯಾವುದನ್ನ ಬೇಕಾದ್ರೂ ಕೂರಿಸಬಹುದು, ಕೇಳೋರಿಲ್ಲ.

"ಹಾಗಾದ್ರೆ ಹಳೇ ಗಾಡಿ ಗುಜರಿಗೆ ಹಾಕಿ" ಅಂತ ಕೆಲವರು ಹೇಳ್ತಾರೆ. ಪೆನ್ಷನ್ನಿನಲ್ಲಿ ಬದುಕೋ ಮನುಷ್ಯನಿಗೆ ಹೊಸ ಕಾರು ತಗೋ ಅನ್ನೋದು ಸಲಹೆ ಅಲ್ಲ, ಅವಮಾನ. ಬೇರೆ ಮಾಡೆಲ್ಲಿನ ಟ್ಯಾಂಕು ಹಾಕಲೇಬಾರದು ಅಂತಲೂ ನಾನು ಹೇಳ್ತಿಲ್ಲ. ಹಾಕೋದಾದ್ರೆ ಆರೂ ಕಡೆ ಹೊಂದಿಸಿ ಹಾಕಿ. ಪೈಪು ತಳದವರೆಗೆ ಬರಲಿ, ನಿಮ್ಮ ಗಾಡಿಯ ಫ್ಲೋಟೇ ಕೂರಲಿ, ತೂತಿಗೆ ಪೆಟ್ರೋಲ್ ತಡೆಯೋ ಗ್ಯಾಸ್ಕೆಟ್ ಹಾಕಿ ಬೋಲ್ಟ್ ಬಿಗಿಯಲಿ. ಆಮೇಲೆ ಟ್ಯಾಂಕು ತುಂಬಿಸಿ ಏರಿನಲ್ಲಿ ನಿಲ್ಲಿಸಿ ನೋಡಿ. ಅದಕ್ಕೆ ಎರಡು ಮೂರು ದಿನ ಬೇಕು, ಆ ದಿನಗಳ ಕೂಲಿ ಕೊಡಬೇಕು. "ಸಂಜೆಗೆ ಗಾಡಿ ಬೇಕು, ಕಡಿಮೆಗೆ ಮಾಡಿಕೊಡಿ" ಅಂದೋರು ನಾವು. ಮೆಕ್ಯಾನಿಕ್ಕು ನಾವು ಕೊಟ್ಟಷ್ಟು ಹೊತ್ತಿಗೆ ತಕ್ಕ ಕೆಲಸ ಮಾಡಿದ, ಅಷ್ಟೇ. ಆದ್ರೆ ಆಗೋದಿಲ್ಲ ಅನ್ನೋ ಕಡೆ ಆಗೋದಿಲ್ಲ ಅಂತ ಹೇಳಬೇಕಾದ್ದು ಅವನ ಕರ್ತವ್ಯ. ಅಲ್ಲಿ ಅವನನ್ನ ಕ್ಷಮಿಸಲ್ಲ.

ನಾವು ಕೊನೆಗೆ ಮಾಡಿದ್ದು ಇಷ್ಟು. ಹಳೇ ಟ್ಯಾಂಕು ಅದೇ ಗ್ಯಾರೇಜಿನ ಹಿತ್ತಲಲ್ಲಿ ಬಿದ್ದಿತ್ತು. ರೇಡಿಯೇಟರ್ ರಿಪೇರಿಯವರ ಹತ್ತಿರ ಕೊಟ್ಟೆವು. ಅವರು ಮೊದಲು ಮಾಡಿದ ಕೆಲಸ, ಬಿಸಿನೀರು ಮತ್ತು ಹಬೆ ಹಾಯಿಸಿ ಒಳಗಿನ ಆವಿ ಪೂರ್ತಿ ತೆಗೆದದ್ದು. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕಿಗೆ ಬೆಂಕಿ ತೋರಿಸೋದು ಜಾಸ್ತಿ ಅಪಾಯ ಅಂತ ಅವರಿಗೆ ಗೊತ್ತಿತ್ತು. ತೇಪೆ ಹಾಕಿ ಬೆಸುಗೆ ಮಾಡಿ, ನೀರಲ್ಲಿ ಮುಳುಗಿಸಿ ಗಾಳಿ ಬಿಟ್ಟು ಗುಳ್ಳೆ ಬರುತ್ತಾ ನೋಡಿದ್ರು. 2025ಕ್ಕೆ ಪೆಟ್ರೋಲಿನಲ್ಲಿ ಎಥನಾಲ್ ಶೇಕಡ 20ಕ್ಕೆ ಮುಟ್ಟಿದೆ, ಹಳೇ ರಬ್ಬರಿಗೆ ಅದು ಆಗಿಬರಲ್ಲ ಅಂತ ಪೈಪುಗಳನ್ನೂ ಬದಲಾಯಿಸಿದೆವು. ಮೂರು ದಿನ ಹಿಡೀತು. ಈ ಸಲ ರಜೆ ಹಾಕಿ ಪಕ್ಕದಲ್ಲೇ ನಿಂತಿದ್ದೆ.

ಮೊನ್ನೆ ಮತ್ತೆ ಘಾಟಿ ಹತ್ತಿದೆವು. ಮೇಲೆ ತಲುಪಿದ ಮೇಲೆ ಹಿಂದೆ ತಿರುಗಿ "ಅಮ್ಮಾ, ವಾಸನೆ ಇದೆಯಾ?" ಅಂದೆ.

"ಇಲ್ಲ. ಆವತ್ತೂ ಹೀಗೇ ಒಂದು ಮಾತು ಕೇಳಿದ್ರೆ ನಿನ್ನ ಗಂಟು ಹೋಗ್ತಿತ್ತಾ?" ಅಂದಳು.