ಕಟ್ಟಿ ತೀರಿಸಿದ ಸಾಲ ಸಿಬಿಲ್‌ನಲ್ಲಿ ಇನ್ನೂ ಬಾಕಿಯೇ? ಸುಮ್ಮನಿರಬೇಡಿ!

ಉಳವಿ ಹೋಬಳಿಯ ರೈತ ಬಾಂಧವರೇ, ಸ್ವಸಹಾಯ ಸಂಘದ ಅಕ್ಕತಂಗಿಯರೇ,

ಅಡಿಕೆ ಮಾರಿ ಅಡವಿಟ್ಟ ಒಡವೆ ಬಿಡಿಸಿಕೊಂಡಿರಿ, ಟ್ರ್ಯಾಕ್ಟರಿನ ಕೊನೆ ಕಂತೂ ಕಟ್ಟಿದಿರಿ. ಆದರೂ ಹೊಸ ಸಾಲಕ್ಕೆ ಹೋದಾಗ "ಸಿಬಿಲ್‌ನಲ್ಲಿ ಬಾಕಿ ತೋರಿಸ್ತಿದೆ" ಎಂದರೆ ತಲೆ ತಗ್ಗಿಸಿ ವಾಪಸಾಗಬೇಡಿ. ಅದು ಯಾವ ತಾರೀಖಿನ ಲೆಕ್ಕ ಎಂದು ಕೇಳಿ.

ಸಿಬಿಲ್ ಎಂದರೆ ಸಾಲದ ಲೆಕ್ಕ ಇಡುವ ಕಂಪನಿ; ಅದು ತಾನಾಗಿ ಏನನ್ನೂ ಬರೆದುಕೊಳ್ಳುವುದಿಲ್ಲ. ಬ್ಯಾಂಕು, ಫೈನಾನ್ಸಿನವರು ಕಳಿಸಿದ್ದೇ ಅಲ್ಲಿರುವುದು. ಮೊದಲು ತಿಂಗಳಿಗೊಮ್ಮೆ ಕಳಿಸುತ್ತಿದ್ದರು. ಆ ನಡುವೆ ನೀವು ಕಟ್ಟಿದ್ದು ಕಾಣುತ್ತಿರಲಿಲ್ಲ. ಒಂದೇ ಮನೆಗೆ ನಾಲ್ಕು ಕಡೆಯವರು ಸಾಲ ಕೊಟ್ಟಿದ್ದೂ ಕಾಣುತ್ತಿರಲಿಲ್ಲ. ಸಾಲದ ಮೇಲೆ ಸಾಲ ಬಿದ್ದ ಮನೆಗಳ ಗೋಳು, ವಸೂಲಿಯ ಕಿರುಕುಳ ಎಲ್ಲಿಗೆ ಮುಟ್ಟಿತೆಂದರೆ, ಅದನ್ನು ತಡೆಯಲು 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು.

2025ರ ಜನವರಿ 1ರಿಂದ ಹದಿನೈದು ದಿನಕ್ಕೊಮ್ಮೆಯಾದರೂ ಲೆಕ್ಕ ಹೊಸದಾಗಬೇಕು ಎಂಬುದು ರಿಸರ್ವ್ ಬ್ಯಾಂಕ್ ಆದೇಶ. ಆ ಆದೇಶದ ಪ್ರಕಾರ 15ರವರೆಗಿನ ಲೆಕ್ಕವನ್ನು ಬ್ಯಾಂಕು 7 ದಿನದೊಳಗೆ ಕಳಿಸಬೇಕು, ಸಿಬಿಲ್‌ನವರು 5 ದಿನದೊಳಗೆ ಸೇರಿಸಬೇಕು. ಅಂದರೆ 3ನೇ ತಾರೀಖು ಕಟ್ಟಿದ ದುಡ್ಡು ಅದೇ ತಿಂಗಳ 27ರೊಳಗೆ ಕಾಣಲೇಬೇಕು. ತಪ್ಪಿದ ಕಂತೂ ಅಷ್ಟೇ ಬೇಗ ಕಾಣುತ್ತದೆ; ಜಾಮೀನು ಹಾಕಿದವರನ್ನೂ ಅದು ಬಿಡುವುದಿಲ್ಲ.

ಮುಂಗಾರಿಗೆ ಮೊದಲೇ ನಿಮ್ಮ ವರದಿ ತೆಗೆಸಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ – ಸಾಲದ ಲೆಕ್ಕ ಇಡುವ ಈ ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಲೇಬೇಕು. ಮಕ್ಕಳ ಮೊಬೈಲಿನಲ್ಲೇ ಆಗುವ ಕೆಲಸ. ಪ್ರತಿ ಸಾಲದ ಮುಂದಿರುವ ತಾರೀಖು ನೋಡಿ. ಸಿಂಡಿಕೇಟ್ ಬ್ಯಾಂಕಿನ ಹಳೇ ಸಾಲ ಕೆನರಾ ಹೆಸರಲ್ಲಿ, ವಿಜಯಾ ಬ್ಯಾಂಕಿನದು ಬರೋಡಾ ಹೆಸರಲ್ಲಿ ಇರಬಹುದು, ಗುರುತಿಲ್ಲವೆಂದು ಬಿಟ್ಟುಬಿಡಬೇಡಿ. ಪೂರ್ತಿ ಕಟ್ಟಿದ ಸಾಲಕ್ಕೆ 'ಕ್ಲೋಸ್ಡ್' ಎಂದಿರಬೇಕು. 'ಸೆಟಲ್ಡ್' ಎಂದಿದ್ದರೆ ರಾಜಿಯಲ್ಲಿ ಕಡಿಮೆ ಕಟ್ಟಿದಿರಿ ಎಂದರ್ಥ.

ತಪ್ಪಿದ್ದರೆ ಬಾಯಿಮಾತು ಸಾಲದು. ನೋ ಡ್ಯೂ ಪತ್ರದ ಜೆರಾಕ್ಸ್ ಲಗತ್ತಿಸಿ ಬ್ಯಾಂಕಿಗೂ ವರದಿ ಕೊಟ್ಟ ಕಂಪನಿಗೂ ಲಿಖಿತ ದೂರು ಕೊಡಿ, ಸ್ವೀಕೃತಿ ಪಡೆಯಿರಿ. 30 ದಿನದಲ್ಲಿ ಇತ್ಯರ್ಥವಾಗದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ನಿಮ್ಮ ಹಕ್ಕು. ಇದು ಬಹಳ ಮಂದಿಗೆ ಗೊತ್ತಿಲ್ಲ, ಅಕ್ಕಪಕ್ಕದವರಿಗೂ ಹೇಳಿ. "ಸಿಬಿಲ್ ಸರಿ ಮಾಡಿಸ್ತೀವಿ" ಎಂದು ದುಡ್ಡು ಕೇಳುವವರಿಗೆ ಬಿಡಿಗಾಸೂ ಕೊಡಬೇಡಿ, ಓಟಿಪಿಯನ್ನಂತೂ ಹೇಳಲೇಬೇಡಿ.

ಸಂಘದ ಮುಂದಿನ ಸಭೆಗೆ ಪ್ರತಿಯೊಬ್ಬರೂ ವರದಿಯ ಪ್ರತಿ ತನ್ನಿ. ಓದಲು ಬಾರದವರದ್ದನ್ನು ಓದಬಲ್ಲವರು ಓದಿ ಹೇಳಿ, ದೂರುಗಳನ್ನು ಅಲ್ಲೇ ಕೂತು ಬರೆಯೋಣ. 30 ದಿನ ಕಳೆದರೂ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡೋಣ, ಅದಕ್ಕೆ ಶುಲ್ಕವಿಲ್ಲ. ಅದರ ಮಾಹಿತಿಗೆ ಕರೆ ಮಾಡಿ: 14448.